ಬುಡದಲ್ಲಿ ಮರವಿಲ್ಲದ ಗೆರೆ

ಹೊನ್ನವಳ್ಳಿ ಕಡೆಯ ಮಕ್ಕಳ ಹುಟ್ಟಿದ ದಿನ ತಮಗೆ ಗೊತ್ತಿರುವಷ್ಟು ಬ್ರಹ್ಮನಿಗೂ ಗೊತ್ತಿಲ್ಲ ಎನ್ನುತ್ತಿದ್ದರು ಗುರುಶಾಂತಮ್ಮ ಟೀಚರ್. ಸುಳ್ಳೇನಲ್ಲ. ನಾಲ್ಕನೇ ತರಗತಿಯ ಇಪ್ಪತ್ತೆಂಟು ಮಕ್ಕಳದ್ದನ್ನೂ ರಿಜಿಸ್ಟರ್ ನೋಡದೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಿದ್ದರು.

ಮೂವತ್ತೊಂದು ವರ್ಷದ ಸರ್ವಿಸು, ಒಂಬತ್ತು ಊರು. ಹಾಜರಿ ಕೂಗಿ ಕೂಗಿ ಗಂಟಲು ಕಾಯಿ ತುರಿಯುವ ಮಣೆಯಂತಾಗಿತ್ತು. ಮಂಡಿ ಮಡಚಿದರೆ ಬರುವ ಸದ್ದಿಗೆ ಪಕ್ಕದ ತೋಟದವರು ಕಾಯಿ ಬಿತ್ತೆಂದು ಓಡಿ ಬರುತ್ತಿದ್ದರು. ಇಂಥದ್ದರಲ್ಲಿ 1997ರಲ್ಲಿ ತಿಪಟೂರಿನ ತರಬೇತಿಯಲ್ಲಿ ಹೊಸದೊಂದು ಹೇಳಿಕೊಟ್ಟರು: ಪ್ರತಿ ಮಗುವೂ ಉದ್ದಕ್ಕೆ ಗೆರೆ ಎಳೆದು ಹುಟ್ಟಿದ್ದು, ನಡೆದದ್ದು, ಹಲ್ಲು ಬಿದ್ದದ್ದು ಎಲ್ಲ ಗುರುತು ಮಾಡಬೇಕು, ತಾನು ಯಾರು, ಯಾವ ಊರಿನದು ಎಂದು ಅದಕ್ಕೆ ತಿಳಿಯಬೇಕು.

ಮಕ್ಕಳು ಶಾಲೆಯ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎಲ್ಲ ಗೆರೆಯ ಬುಡದಲ್ಲೂ ಟೀಚರ್ ಹೇಳಿದ ದಿನವೇ: ಜೂನ್ ಒಂದು. ಯಾವಾಗ ಹುಟ್ಟಿತೆಂದರೆ "ರಾಗಿ ಕುಯ್ಲಲ್ಲಿ" ಎನ್ನುವ ತಾಯಂದಿರ ಜೊತೆ ಏಗಲಾರದೆ ಟೀಚರೇ ರಿಜಿಸ್ಟರಿಗೆ ಬರೆದುಕೊಂಡಿದ್ದ ದಿನ.

"ಸುಳ್ಳು ಮೇಡಂ," ಎಂದ ಕೊಬ್ಬರಿ ವ್ಯಾಪಾರಿಯ ಮಗ ಮಹಾಂತೇಶ. "ನಾನು ಹುಟ್ಟಿದ್ದು ಗೌರಿ ಹಬ್ಬದ ಹಿಂದ್ಲ ದಿನ. ಅವತ್ತೇ ನಮ್ಮ ತಾತ ನನ್ನ ಹೆಸ್ರಲ್ಲಿ ತೆಂಗಿನ ಸಸಿ ನೆಟ್ಟವ್ರೆ."

ತಕ್ಷಣ ಎಲ್ಲರಿಗೂ ಒಂದೊಂದು ಮರ ನೆನಪಾಯಿತು. ಜೂನ್ ಒಂದನ್ನು ಅಂಗೈಯಲ್ಲಿ ಒರೆಸಿ ಮರ ಬರೆದರು. ದಾನೇಶ್ವರಿಯ ಗೆರೆಯ ಬುಡದಲ್ಲಿ ಮಾತ್ರ ಜೂನ್ ಒಂದೇ ಉಳಿಯಿತು. ಅವಳಪ್ಪ ಕಾಯಿ ಸುಲಿಯುವ ಕೂಲಿ. ಅವಳು ನೊಣವಿನಕೆರೆಯಲ್ಲಿ ಹುಟ್ಟಿ, ಸಂಪಿಗೆ ಎಂಬ ಊರಿನಲ್ಲಿ ನಡೆಯಲು ಕಲಿತು, ಒಂದನೇ ತರಗತಿಗೆ ಇಲ್ಲಿಗೆ ಬಂದವಳು.

"ಮರ ಇಲ್ದೋರು ಈ ಊರೋರಲ್ಲ ಕಣೇ," ಎಂದ ಮಹಾಂತೇಶ.

ಅವಳು ಗೆರೆಯನ್ನೇ ಒರೆಸಿ ಚೀಲ ಹೆಗಲಿಗೇರಿಸಿದಳು. "ನಾನಿನ್ ಸ್ಕೂಲಿಗೆ ಬರಾಕಿಲ್ಲ ಮೇಡಂ."

ಗುರುಶಾಂತಮ್ಮನವರಿಗೆ ರೇಗಲೂ ತ್ರಾಣವಿರಲಿಲ್ಲ. ಉಸ್ಸೆಂದು ಜಗುಲಿಯ ಮೇಲೆ ಕುಸಿದು, ಅವಳು ಒರೆಸಿದ ಜಾಗದ ಪಕ್ಕದಲ್ಲೇ ತಮ್ಮದೊಂದು ಗೆರೆ ಎಳೆದರು.

"ಹೆಣ್ಣು ಇನ್ನೊಬ್ರ ಮನೆಗೆ ಹೋಗೋದು ಅಂತ ನಮ್ಮಪ್ಪ ನಂಗೆ ಸಸಿ ನೆಡ್ಲಿಲ್ಲ ಕಣೇ. ಅಣ್ಣಂಗೆ ಎರಡು ನೆಟ್ಟಿದ್ರು. ಬಾ, ನಿನ್ನ ಜಾಗ ಬೇಗ ಹಿಡ್ಕೋ. ನಂದು ಒಂಬತ್ತು ಊರಿನ ಉದ್ದದ ಗೆರೆ, ಇಲ್ದಿದ್ರೆ ನಿನ್ನ ಜಾಗಾನೂ ನಾನೇ ಹಿಡ್ಕೋತೀನಿ."

ದಾನೇಶ್ವರಿ ಚೀಲ ಇಳಿಸಲಿಲ್ಲ. ಆದರೂ ಕೂತು, ನೊಣವಿನಕೆರೆ ಎಂದು ಬರೆಯತೊಡಗಿದಳು.

"ಹಂಗಾದ್ರೆ ಮೇಡಂ," ಎಂದ ಮಹಾಂತೇಶ, "ನೀವೂ ಈ ಊರೋರಲ್ವಾ?"

ದಾನೇಶ್ವರಿಯ ಸೀಮೆಸುಣ್ಣ ನಿಂತಿತು.

"ಅಲ್ಲ ಕಣಪ್ಪ," ಎಂದರು ಗುರುಶಾಂತಮ್ಮ, ತಲೆಯೆತ್ತದೆ. "ಈ ಊರೋಳಾಗಿ ಜೀವ್ಮಾನ ಪೂರ್ತಿ ನಿನ್ನ ಕಾಟ ತಡ್ಕೋಬೇಕಾಗಿದ್ರೆ ಯಾವತ್ತೋ ಊರು ಬಿಟ್ಟೋಗಿರ್ತಿದ್ದೆ."