ವಶಪಡಿಸಿಕೊಳ್ಳು: ಮೂರನೆಯ ಬಳಕೆ

ಉದಾಹರಣೆಯಮ್ಮ ಸೋಮವಾರ ಬೆಳಿಗ್ಗೆ ತೀರಿಕೊಂಡಳು. ಹೃದಯ ನಿಂತಿತು. ಅರವತ್ತೊಂದು ವರ್ಷವಾಗಿತ್ತು.

ಆ ಹೆಸರು ಇಟ್ಟವರು ನಮ್ಮ ಕಚೇರಿಯ ಅಚ್ಚುಮನೆಯವರು. ನಾವು ಶಾಲೆಯ ಮಕ್ಕಳಿಗೆ ನಿಘಂಟು ಮಾಡುವವರು. ಪದಕ್ಕೆ ಅರ್ಥ ಬರೆಯುವುದು ನನ್ನ ಕೆಲಸ. ಅದನ್ನು ಜನ ಹೇಗೆ ಬಳಸುತ್ತಾರೆಂದು ತೋರಿಸುವ ವಾಕ್ಯ ಬರೆಯುವುದು ಅವಳದು. ನನ್ನ ಅರ್ಥಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಅವಳ ವಾಕ್ಯಗಳಲ್ಲಿ ಹಾಲು ಉಕ್ಕುತ್ತಿತ್ತು, ಚಪ್ಪಲಿ ಕಿತ್ತುಹೋಗುತ್ತಿತ್ತು, ಯಾರದೋ ಮಾವ ಸುಳ್ಳು ಹೇಳಿ ಸಿಕ್ಕಿಬೀಳುತ್ತಿದ್ದ. ನಮ್ಮಿಬ್ಬರ ಮೇಜುಗಳು ಅಂಟಿಕೊಂಡಿದ್ದವು. ಕಿಟಕಿ ಅವಳ ಕಡೆ, ಫ್ಯಾನು ನನ್ನ ಕಡೆ. ಅದಕ್ಕಾಗಿ ಆಗಾಗ ಮುನಿಸಿಕೊಂಡದ್ದೂ ಉಂಟು.

ಈ ವರ್ಷದ ಮೊದಲಲ್ಲಿ 'ವ' ಅಕ್ಷರಕ್ಕೆ ಬಂದೆವು. 'ವಶಪಡಿಸಿಕೊಳ್ಳು' ಎಂಬ ಪದಕ್ಕೆ, 'ಪೂರ್ತಿಯಾಗಿ ತನ್ನ ಹಿಡಿತಕ್ಕೆ ತೆಗೆದುಕೊಳ್ಳು' ಎಂದು ನಾನು ಬರೆದೆ. ಅವಳು ಎರಡು ವಾಕ್ಯ ಬರೆದಳು. ಸೈನಿಕರು ಕೋಟೆಯನ್ನು ವಶಪಡಿಸಿಕೊಂಡರು. ಪೊಲೀಸರು ಕದ್ದ ಸೈಕಲ್ಲನ್ನು ವಶಪಡಿಸಿಕೊಂಡರು. ಆಮೇಲೆ ಪೆನ್ನು ಮುಚ್ಚಿ, "ಇನ್ನೊಂದು ಬೇಕು ಸಾರ್," ಎಂದು ಸಂಪಾದಕರಿಗೆ ಹೇಳಿದಳು. "ಈ ಎರಡರಲ್ಲೂ ಜಗಳ ಇದೆ. ಜಗಳ ಇಲ್ದೇನೂ ಆಗತ್ತೆ ಇದು."

ಸಂಪಾದಕರು ಒಪ್ಪಲಿಲ್ಲ. "ಬಲವಂತ ಇಲ್ದಿದ್ರೆ ಅದು ವಶಪಡಿಸಿಕೊಳ್ಳೋದು ಹೇಗಾಗತ್ತಮ್ಮ? ಪ್ರೀತಿಯಿಂದ ಮಾಡಿದ್ರೆ ಅದು ನೋಡಿಕೊಳ್ಳೋದು. 'ನ' ಅಕ್ಷರದಲ್ಲಿ ಅದನ್ನ ಮುಗಿಸಿದ್ದಾಯ್ತು."

"ಒಂದಿನ ನಮ್ಮನೆಗೆ ಬನ್ನಿ. ಎರಡನ್ನೂ ಒಟ್ಟಿಗೇ ತೋರಿಸ್ತೀನಿ."

ಅವರು ನಕ್ಕರು. "ಸರಿ, ಬರೆದು ತನ್ನಿ. ನನ್ನ ಬಾಯಿ ಮುಚ್ಚಿಸೋ ಹಾಗಿದ್ರೆ ಹಾಕ್ತೀನಿ."

ಅವಳ ಮನೆಯ ಸ್ಥಿತಿ ನನಗೆ ಗೊತ್ತಿತ್ತು. ಮದುವೆಯಾಗದೆ ಒಬ್ಬಳೇ ಇದ್ದವಳು. ಮೊದಲ ಸಲ ಎದೆನೋವು ಬಂದು ಆಸ್ಪತ್ರೆ ಸೇರಿದಾಗ, ತಂಗಿ ತನ್ನ ಹೊಲಿಗೆ ಅಂಗಡಿ ಮುಚ್ಚಿ, ಯಂತ್ರವನ್ನೂ ಮಾರಿ, ಅಕ್ಕನ ಜೊತೆ ಇರಲು ಬಂದಳು. ಮೊದಲು ಮಾತ್ರೆಗಳ ಡಬ್ಬಿ ತಂಗಿಯ ಕೈಗೆ ಹೋಯಿತು, ಆಮೇಲೆ ಒಲೆ. ಬರಬರುತ್ತ ಬೀರುವಿನ ಬೀಗದ ಕೈ, ಮೊಬೈಲು, ಯಾವ ಬಟ್ಟೆ ಹಾಕಿಕೊಳ್ಳಬೇಕು, ಬಂದವರ ಜೊತೆ ಎಷ್ಟು ಹೊತ್ತು ಮಾತಾಡಬೇಕು ಎನ್ನುವುದು ಕೂಡ. ಯಾವುದನ್ನೂ ಕಿತ್ತುಕೊಳ್ಳಲಿಲ್ಲ. "ನೀನು ಸುಮ್ನೆ ಕೂತ್ಕೋ ಅಕ್ಕ" ಎನ್ನುತ್ತ ಎತ್ತಿಕೊಂಡಳು. ಕಚೇರಿಯೊಂದೇ ಅಕ್ಕನಿಗೆ ಉಳಿದಿತ್ತು. ಬೇಸಿಗೆಯಲ್ಲಿ ಮತ್ತೆ ಎದೆನೋವು ಬಂದ ಮೇಲೆ ಅದೂ ಹೋಯಿತು. ವಾರಕ್ಕೆರಡು ದಿನ ಹೋಗಿಬರಬಹುದೆಂದು ವೈದ್ಯರು ಹೇಳಿದ್ದರೂ ತಂಗಿ ಕಚೇರಿಗೆ ಫೋನು ಮಾಡಿ, "ಅಕ್ಕ ಇನ್ನು ಬರಲ್ಲ" ಎಂದುಬಿಟ್ಟಳು. ಅಕ್ಕನನ್ನು ಕೇಳಿರಲಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ಹೊತ್ತಾಗಿತ್ತು. ಶುಕ್ರವಾರ ಕರಡಿನ ಹಾಳೆಗಳನ್ನು ಹಿಡಿದು ನಾನು ಅವಳ ಮನೆಗೆ ಹೋದೆ. ತಂಗಿ ಬಾಗಿಲಲ್ಲೇ ಅವನ್ನು ಇಸಿದುಕೊಂಡಳು.

"ಅವಳಿಗೆ ಕಣ್ಣಿಗೆ ಆಯಾಸ ಆಗತ್ತೆ. ಏನಿದ್ರೂ ನನಗೆ ಹೇಳಿ."

"ಒಂದು ವಾಕ್ಯ ಬೇಕಿತ್ತು."

"ಅಷ್ಟೇನಾ? ಅಕ್ಕ, ನೀನು ಬಾಯಲ್ಲಿ ಹೇಳು, ನಾನು ಬರ್ಕೊಡ್ತೀನಿ. ಯಾವ ಪದ?"

ನಾನು ಗೋಡೆ ನೋಡಿದೆ. ಮಂಚದ ಮೇಲಿದ್ದ ನನ್ನ ಗೆಳತಿ ನಗು ತಡೆದುಕೊಳ್ಳುತ್ತಿದ್ದಳು. "ಹೇಳೇ, ಯಾವ ಪದ ಅಂತ ಹೇಳು ಅವಳಿಗೆ."

"ಮರೆತೇಹೋಯ್ತು," ಎಂದೆ.

"ನಿಘಂಟು ಬರೆಯೋರಿಗೇ ಪದ ಮರೆತುಹೋದ್ರೆ ಮಕ್ಕಳ ಗತಿ ಏನ್ರೀ?" ಎಂದು ತಂಗಿ ನಗುತ್ತ ನೀರು ತರಲು ಒಳಗೆ ಹೋದಳು.

ಗೆಳತಿಯ ಮುಖದ ನಗು ಇಳಿಯಿತು. "ಇಲ್ಲಿ ಆಗಲ್ಲ ಕಣೇ. ಅವಳ ಎದುರಿಗೆ ಆ ವಾಕ್ಯ ಹೇಗೆ ಬರೀಲಿ? ನನಗೋಸ್ಕರ ಅಂಗಡಿ ಮುಚ್ಚಿ ಬಂದಿದ್ದಾಳೆ. ಹೊಡೆದು ಬಡಿದು ಮಾಡಿದ್ರೆ ನಾನೂ ತಿರುಗಿಬೀಳ್ತಿದ್ದೆ."

"ಬಿಟ್ಟುಬಿಡು ಹಾಗಾದ್ರೆ. ಎರಡೇ ಸಾಕು."

"ಬಿಟ್ಟೂ ಬಿಟ್ಟೂ ಇಷ್ಟಾಗಿದೆ. ಸೋಮವಾರ ಬರ್ತೀನಿ. ನನ್ನ ಮೇಜಲ್ಲಿ ಕೂತು ಬರೀತೀನಿ."

"ಅವಳು ಬಿಡ್ತಾಳಾ?"

"ಕೇಳಿದ್ರೆ ತಾನೇ ಬಿಡೋದು, ಬಿಡದೇ ಇರೋದು."

"ನಾನು ಬಂದು ಕರ್ಕೊಂಡು ಹೋಗ್ತೀನಿ ಇರು."

"ನೀನೂ ಶುರು ಮಾಡಬೇಡ," ಎಂದಳು.

ನಾನು ಹೋಗಲಿಲ್ಲ. ಸೋಮವಾರ ತಂಗಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಗೆಳತಿ ಮುಂಬಾಗಿಲು ತೆಗೆದು ಹೊರಟಿದ್ದಾಳೆ. ನಾನು ಕಚೇರಿಯಲ್ಲಿ ಅವಳ ಮೇಜಿನ ಧೂಳು ಒರೆಸಿ ಕಾಯುತ್ತಿದ್ದೆ. ಬಂದದ್ದು ಫೋನು, ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದಳೆಂದು.

ನಿಘಂಟು ಎರಡು ವಾಕ್ಯಗಳ ಜೊತೆಗೇ ಅಚ್ಚಾಗುತ್ತಿದೆ. ಮೂರನೆಯದನ್ನು ನೀವೇ ಬರೆಯಿರಿ ಎಂದು ಸಂಪಾದಕರು ನನಗೆ ಹೇಳಿದರು. ನನ್ನ ಕೈಲಾಗಲಿಲ್ಲ. ತಂಗಿಯನ್ನು ನೋಡಿದ ಮೇಲಂತೂ ಇಲ್ಲವೇ ಇಲ್ಲ. "ಒಂದು ಮಾತು ಹೇಳಿದ್ರೆ ನಾನೇ ಕರ್ಕೊಂಡು ಬರ್ತಿದ್ನಲ್ಲ," ಎಂದು ಅವಳು ನನ್ನ ಕೈ ಹಿಡಿದು ಅತ್ತಳು. ಅದು ಸುಳ್ಳೆಂದು ನನಗೆ ಅನ್ನಿಸಲಿಲ್ಲ.

ಉಳಿದದ್ದನ್ನು ಹೇಳಿದವಳು ಬಸ್ ನಿಲ್ದಾಣದಲ್ಲಿ ಗೆಳತಿಯ ಪಕ್ಕ ಕೂತಿದ್ದ ತರಕಾರಿ ಮಾರುವ ಹೆಂಗಸು. ಅವಳು ಬೆವರಿ ಒದ್ದೆಯಾಗಿದ್ದಳಂತೆ. ಆದರೂ, ಇಷ್ಟು ದಿನವಾದ ಮೇಲೆ ಕೆಲಸಕ್ಕೆ ಹೊರಟಿದ್ದೀನಿ ಎಂದು ತಾನಾಗಿಯೇ ಮಾತಾಡಿಸಿದಳಂತೆ. ಬಸ್ಸು ಬಂತು. ಏಳಲು ಕಷ್ಟಪಡುತ್ತಿರುವುದನ್ನು ಕಂಡು ಆ ಹೆಂಗಸು ತೋಳು ಹಿಡಿಯಲು ಹೋದಳು. "ಬೇಡಮ್ಮ, ನಾನೇ ಏಳ್ತೀನಿ," ಎಂದು ಆ ಕೈಯನ್ನು ಮೆಲ್ಲಗೆ ಸರಿಸಿ, ಎರಡೂ ಅಂಗೈಗಳನ್ನು ಬೆಂಚಿನ ಅಂಚಿಗೆ ಊರಿ, ಗೆಳತಿ ಎದ್ದು ನಿಂತಳು.