ಬಿಳಿ ತೋಬ್ ಉಟ್ಟ ಶನಿವಾರ

ಲಂಡನ್ನಿನ ಕೆಂಟನ್ನಿನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಸುಡಾನಿನ ಟೀಚರೊಬ್ಬಳಿದ್ದಾಳೆ. ಯುದ್ಧ ಶುರುವಾದ ಮೇಲೆ ಒಬ್ಬಳೇ ಬಂದವಳು. ಮನೆ ನೋಡಿಕೊಳ್ಳುತ್ತೇನೆಂದು ಗಂಡ ಅವರ ಊರು ಓಮ್ದುರ್ಮಾನಿನಲ್ಲೇ ಉಳಿದ. ಆಮೇಲೆ ಅವನ ಫೋನ್ ಬರುವುದು ನಿಂತಿತು. ಇದ್ದಾನೆ ಎನ್ನುವವರಿಲ್ಲ, ಇಲ್ಲ ಎನ್ನುವವರೂ ಇಲ್ಲ. ಇವಳು ಮಾತ್ರ "ಬರ್ತಾರೆ" ಅನ್ನುತ್ತಾಳೆ. ಅಷ್ಟೇ.

ಮೊದಲ ಸಲ ಅವಳು ಶುಂಠಿ ಹಾಕಿ ಕುದಿಸಿದ ಕಾಫಿ ಕೊಟ್ಟಾಗ ಮೈಸೂರಿನ ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ಇದೇನು, ಕಾಫಿನಾ ಕಷಾಯನಾ?" ಅಂದುಬಿಟ್ಟೆ. ಅವಳು ಬಿದ್ದು ಬಿದ್ದು ನಕ್ಕು, ನನ್ನ ಪುಟ್ಟ ಕಪ್ಪಿಗೆ ಇನ್ನಷ್ಟು ಸುರಿದಳು. ಈಗ ಸಂಜೆ ಅದಿಲ್ಲದಿದ್ದರೆ ನನಗೆ ತಲೆನೋವು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ನನ್ನಿಂದ ಕಲಿತ "ಅಕ್ಕಾ" ಒಂದು ಮಾತ್ರ ಕನ್ನಡ.

ಕಳೆದ ವರ್ಷ ಅವಳಿಗೆ ಸುಡಾನಿ ಮಕ್ಕಳ ಶನಿವಾರದ ಅರೇಬಿಕ್ ತರಗತಿಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸಂಭ್ರಮಪಡಬೇಕಾದವಳು ಮಂಚದ ಮೇಲೆ ಬಿಳಿ ತೋಬೊಂದನ್ನು ಹರಡಿಕೊಂಡು ಮಂಕಾಗಿ ಕೂತಿದ್ದಳು. ತೋಬ್ ಎಂದರೆ ಅವರ ಸೀರೆ; ಉಡುಪಿನ ಮೇಲೆ ಮೈಗೂ ತಲೆಗೂ ಸುತ್ತಿಕೊಳ್ಳುವ ಉದ್ದನೆಯ ಬಟ್ಟೆ. ಅವರಲ್ಲಿ ಟೀಚರು, ನರ್ಸು, ಆಫೀಸಿನ ಹೆಂಗಸರು ಕೆಲಸಕ್ಕೆ ಉಡುವುದು ಬಿಳಿಯದನ್ನೇ. ಗಂಡ ಸತ್ತವಳು ಉಡುವುದೂ ಬಿಳಿಯದನ್ನೇ.

ಹಿಂದಿನ ದಿನವಷ್ಟೇ ಹೌನ್ಸ್ಲೋದಿಂದ ಗಂಡನ ಚಿಕ್ಕಮ್ಮ ಬಂದು, "ಇನ್ನೆಷ್ಟು ಕಾಯ್ತೀಯ ಮಗಳೇ? ಬಿಳಿ ಉಟ್ಟು ದುಃಖಕ್ಕೆ ಕೂತ್ಕೋ. ಅವನಿಗೋಸ್ಕರ ಪ್ರಾರ್ಥನೆನಾದ್ರೂ ಮಾಡೋಣ" ಎಂದು ಅತ್ತು ಹೋಗಿದ್ದಳಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು.

"ಆ ಮುದುಕಿಗೇನು ಬಂದಿದೆ ರೋಗ! ನೀನು ನೀಲಿದು ಉಟ್ಕೊಂಡು ಹೋಗು" ಎಂದೆ.

"ಅವರನ್ನ ಬೈಬೇಡಿ ಅಕ್ಕಾ. ನನ್ನ ಗಂಡ ಅವರೇ ಎತ್ತಿ ಆಡಿಸಿದ ಮಗು. ಕಾದು ಕಾದು ಸೋತಿದಾರೆ" ಎಂದಳು. "ಆದ್ರೆ ಬಿಳಿ ಉಡದೆ ನಾನು ಯಾವತ್ತೂ ಕ್ಲಾಸಿಗೆ ಕಾಲಿಟ್ಟವಳಲ್ಲ. ಉಟ್ಟರೆ ಗೇಟಲ್ಲಿ ನಿಂತ ತಾಯಂದಿರೆಲ್ಲ ನನ್ನ ಗಂಡ ಹೋದ್ರು ಅಂದ್ಕೋತಾರೆ. ಉಡದಿದ್ರೆ ನಾನು ಟೀಚರೇ ಅಲ್ಲ."

ನಮ್ಮಜ್ಜಿಯ ಬಿಳಿ ಸೀರೆ ನೋಡುತ್ತ ಬೆಳೆದವಳು ನಾನು. ಅವಳ ಬೆನ್ನು ಸವರಿ ಮೇಲೆ ಬಂದೆ.

ಶುಕ್ರವಾರ ಸಂಜೆ ಅವಳೇ ಬಾಗಿಲು ಬಡಿದಳು. ಕೈಯಲ್ಲಿ ಗೋರಂಟಿಯ ಕೋನ್. ಅವರದು ಕಪ್ಪು ಗೋರಂಟಿ. ಮದುವೆಯಾದ ಹೆಂಗಸು ಕೈಗೂ ಕಾಲಿಗೂ ಹಚ್ಚಿಕೊಳ್ಳುತ್ತಾಳೆ, ದುಃಖಕ್ಕೆ ಕೂತವಳು ಮುಟ್ಟುವುದಿಲ್ಲ. ಊರು ಬಿಟ್ಟ ಮೇಲೆ ಇವಳು ಹಚ್ಚಿಕೊಂಡಿರಲಿಲ್ಲ.

"ಎಡಗೈ ನಾನೇ ಹಾಕ್ಕೊಂಡೆ. ಬಲಗೈಗೆ ನೀವು ಹಾಕಿ ಅಕ್ಕಾ" ಎಂದು ಕೈ ಚಾಚಿದಳು. ಹೂಬಳ್ಳಿ ಬಿಡಿಸಿದೆ, ಬೆರಳ ತುದಿಗಳನ್ನೆಲ್ಲ ಕಪ್ಪು ಮಾಡಿದೆ. ಕಣ್ಣು ತುಂಬಿಬಂದು ಒಂದು ಬಳ್ಳಿ ಸೊಟ್ಟಗಾಯಿತು. "ಥೂ, ಹಾಳು ಮಾಡಿಟ್ಟೆ" ಎಂದೆ. "ಇರ್ಲಿ, ಚೆನ್ನಾಗೇ ಇದೆ" ಎಂದಳು. ಎಷ್ಟು ಪ್ರೀತಿ ಉಕ್ಕಿತೋ ನನಗೆ ಅವಳ ಮೇಲೆ.

ಮರುದಿನ ಅವಳು ಬಿಳಿ ತೋಬ್ ಉಟ್ಟು ಹೊರಟಳು. ನಾನೂ ಜೊತೆಗೆ ಹೋದೆ. ಗೇಟಿನ ಬಳಿ ಮೊಮ್ಮಕ್ಕಳ ಕೈ ಹಿಡಿದು ಅದೇ ಚಿಕ್ಕಮ್ಮ ನಿಂತಿದ್ದಳು. ಬಿಳಿ ಕಂಡದ್ದೇ ಆಕೆಯ ಮುಖ ಮುದುಡಿತು. ಮಕ್ಕಳ ಕೈ ಬಿಟ್ಟು ಎರಡೂ ಅಂಗೈ ಮೇಲಕ್ಕೆತ್ತಿದಳು. ಅವರಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವುದು ಹಾಗೆ. ಎದುರಿಗಿದ್ದವಳೂ ಅಂಗೈ ಎತ್ತಿದರೆ ಸಾವನ್ನು ಒಪ್ಪಿದಂತೆ. ಸುತ್ತಲಿನ ತಾಯಂದಿರೆಲ್ಲ ಇವಳತ್ತ ತಿರುಗಿದರು.

ಅವಳು ಅಂಗೈ ಎತ್ತಲಿಲ್ಲ. ಕಪ್ಪು ಬೆರಳಿನ ಕೈಗಳನ್ನು ತೋಬಿನಿಂದ ಹೊರತೆಗೆದು, ಚಿಕ್ಕಮ್ಮನ ಅಂಗೈಗಳನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಮುದುಕಿ ಆ ಬೆರಳುಗಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅವನ್ನೆತ್ತಿ ಕಣ್ಣಿಗೊತ್ತಿಕೊಂಡಳು.

"ಹೊತ್ತಾಯ್ತು ಚಿಕ್ಕಮ್ಮ, ಮಕ್ಕಳನ್ನ ಒಳಗೆ ಕಳಿಸಿ" ಎಂದಳು ಟೀಚರ್, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ.