ತಿಪ್ಪಮ್ಮನಿಗೊಂದು ಕೃತ್ತಿಕೆ

ಚಳ್ಳಕೆರೆ ಬಸ್ ನಿಲ್ದಾಣದಲ್ಲೇ ಜಗಳ ಶುರುವಾಯಿತು. ತೊಂಬತ್ತರ ದಶಕದ ಒಂದು ಡಿಸೆಂಬರ್, ಅಮಾವಾಸ್ಯೆಯ ದಿನ. ದಾವಣಗೆರೆಯಿಂದ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ದೂರದರ್ಶಕವನ್ನು ಮೊಳಕಾಲ್ಮೂರು ಬಸ್ಸಿನ ಕಂಡಕ್ಟರ್ ಟಾಪಿಗೆ ಹಾಕಿ ಎಂದ. "ಬೋರಿನ ಪೈಪಿಗೆಲ್ಲ ಒಳಗೆ ಜಾಗ ಇಲ್ಲ ಕಣ್ರಿ." ಪೈಪಂತೆ! ಎರಡು ವರ್ಷ ಕೂತು ನಾನೇ ಕನ್ನಡಿ ಉಜ್ಜಿ ಮಾಡಿದ್ದು. ಕೊನೆಗೆ ಅದಕ್ಕೂ ಫುಲ್ ಟಿಕೆಟ್ ತೆಗೆದುಕೊಂಡು, ಇದ್ದ ಒಂದೇ ಸೀಟಿನಲ್ಲಿ ಅದನ್ನು ಕೂರಿಸಿ, ನಾನು ನಡುದಾರಿಯ ಬಿ.ಜಿ. ಕೆರೆಯವರೆಗೂ ನಿಂತೇ ಹೋದೆ.

ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಓಬಣ್ಣ ನನ್ನ ಹಳೆಯ ಸ್ನೇಹಿತ. ಅವನ ಅಕ್ಕ ತಿಪ್ಪಮ್ಮ ಬಿಸಿ ಮುದ್ದೆ, ಹುರುಳಿ ಸಾರು ಬಡಿಸುತ್ತಾ, ದೂರದರ್ಶಕಕ್ಕೆ ಸಿಕ್ಕಿಸಲು ನಾನು ಎರವಲು ತಂದಿದ್ದ ಕ್ಯಾಮೆರಾ ನೋಡಿ, ಯಾವ ಫೋಟೋಕ್ಕೆ ಬಂದಿರಿ ಎಂದು ಕೇಳಿದರು. ಕೃತ್ತಿಕೆ ಎಂಬ ನಕ್ಷತ್ರಗಳ ಗುಂಪು ಎಂದೆ.

"ಓ, ಪಿಲ್ಲಲಕೋಡಿ!" ಎಂದರು. ತೆಲುಗಿನಲ್ಲಿ ಮರಿಗಳ ಕೋಳಿ ಎಂದರ್ಥ. "ನಮ್ಮವ್ವ ಬೆಟ್ಟು ಮಾಡಿ ತೋರಿಸ್ತಿದ್ಲು. ನಾ ಒಂದಿನಾನೂ ಕಂಡಿಲ್ರಿ. ಹುಟ್ಟಿದಾಗಿಂದ ಇರುಳುಗಣ್ಣು."

ಹಗಲೆಲ್ಲ ಕೂದಲೆಳೆಯಂಥ ರೇಷ್ಮೆ ನೂಲು ಸುತ್ತುವ ಹೆಂಗಸು, ಹೊತ್ತು ಮುಳುಗಿದರೆ ಗೋಡೆ ತಡಕಿಕೊಂಡು ನಡೆಯಬೇಕು. "ಫೋಟೋದಾಗಾದ್ರೆ ಹಗಲೇ ನೋಡಬೌದಲ್ರಿ?" ಎಂದು ಕೇಳಿದರು. ನಾಳೆಯೇ ತೋರಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಊರಾಚೆಯ ಹೊಲದಲ್ಲಿ ಚಳಿ, ಗಾಳಿ. ಬರಿಗಣ್ಣಿಗೆ ಎದುರಿಗೇ ಹೊಳೆಯುವ ಗುಂಪು ನಳಿಗೆಯೊಳಗೆ ಹುಡುಕಿದರೆ ನಾಪತ್ತೆ! ಎಡಕ್ಕೆ ತಿರುಗಿಸಿದರೆ ಬಲಕ್ಕೆ ಓಡುತ್ತದೆ. ಸಿಕ್ಕಿತೋ, ಭೂಮಿ ತಿರುಗುವುದರಿಂದ ಜಾರುತ್ತದೆ. ಒಂದೊಂದು ಫೋಟೋಕ್ಕೂ ಹತ್ತು ನಿಮಿಷ ಸ್ಕ್ರೂ ತಿರುವುತ್ತಾ ಅದರ ಬೆನ್ನು ಹತ್ತಬೇಕು. ಒಂಬತ್ತನೇ ನಿಮಿಷಕ್ಕೆ ಸರಿಯಾಗಿ, ಜೊತೆಗೆ ಬಂದಿದ್ದ ಓಬಣ್ಣ ಬ್ಯಾಟರಿ ಬೆಳಕು ಬಿಟ್ಟ.

"ಲೇ, ಆರಿಸೋ!"

"ಕತ್ಲಾಗೆ ನಿನಗೇನು ಕಾಣ್ತೈತೆ ಅಂತ ಬಿಟ್ನಪ್ಪಾ. ಒಳ್ಳೇದಕ್ಕೆ ಕಾಲ ಇಲ್ಲ!"

ಕತ್ತಲು ಹುಡುಕಿಕೊಂಡು ಅಷ್ಟು ದೂರ ಬಂದವನಿಗೆ ಹೇಳುವ ಮಾತೇ ಇದು? ಆಮೇಲೆ ಟ್ರ್ಯಾಕ್ಟರ್ ದೀಪ, ಆಮೇಲೆ ಗಾಳಿ. ಹನ್ನೊಂದು ಸಲ ತೆಗೆದೆ. ಒಂದೇ ಒಂದು ಸಲ ಎಲ್ಲ ಸರಿಹೋಯಿತು ಎಂದು ಮನಸ್ಸಿಗೆ ಗೊತ್ತಾಯಿತು.

ಮರುದಿನ ಮೊದಲ ಬಸ್ಸಿಗೆ ತಿಪ್ಪಮ್ಮ ತಾವೂ ಹತ್ತಿದರು, ಕಾಯಲು ಅವರಿಗೆ ಮನಸ್ಸಿರಲಿಲ್ಲ. ಚಳ್ಳಕೆರೆಯ ಒಂದು ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಫಿಲ್ಮ್ ಕೊಟ್ಟು, "ಸ್ವಲ್ಪ ನೀಟಾಗಿ ಮಾಡಪ್ಪ" ಎಂದೆ. ಹಾಳಾದ ಬಾಯಿ! ಅಷ್ಟು ಹೇಳಿ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಹೋದೆವು. ಸಂತೆ ಬೀದಿ ಸುತ್ತಿ ಮಧ್ಯಾಹ್ನ ಬಂದಾಗ ಫೋಟೋ ಕವರಿನಲ್ಲಿ ಸಿದ್ಧವಾಗಿತ್ತು.

ತೆಗೆದು ನೋಡಿದೆ. ಹೊಳಪಿನ ಕಾಗದ, ಅಂಚಿನಿಂದ ಅಂಚಿಗೆ ಕಪ್ಪು.

"ಉಳಿದವೆಲ್ಲ ಅಲುಗಾಡಿ ಗೀರು ಬಿದ್ದಾವೆ ಸಾರ್," ಎಂದ ಟಚಿಂಗ್ ಮಾಡುವವ. ಮದುವೆ ಫೋಟೋಗಳಲ್ಲಿ ಮುಖದ ಕಲೆ ತೆಗೆಯುವುದು ಅವನ ಕಸುಬು. "ಇದೊಂದೇ ಚೆನ್ನಾಗಿ ಬಂದಿತ್ತು. ಆದ್ರೆ ಎಷ್ಟು ಧೂಳಿನ ಚುಕ್ಕೆ ಅಂತೀರಿ! ನೆಗೆಟಿವ್ ಮ್ಯಾಲೇ ಬ್ಲೇಡಿನಾಗೆ ಒಂದೊಂದೇ ಕೆರೆದು ತೆಗ್ದೀನಿ. ಊಟಕ್ಕೂ ಎದ್ದಿಲ್ಲ."

"ಅಯ್ಯೋ ಪುಣ್ಯಾತ್ಮ! ಅವೇ ಕಣಯ್ಯಾ ನಕ್ಷತ್ರ! ಆ ಚುಕ್ಕೆಗೇ ನಾನು ಬಂದಿದ್ದು!" ಎಂದು ಕಿರುಚಿದೆ. ಪಕ್ಕದ ಅಂಗಡಿಯವರು ಇಣುಕಿದರು. ರಜೆ ಮುಗಿದಿತ್ತು, ಕ್ಯಾಮೆರಾ ಇನ್ನೊಬ್ಬರದು, ನೆಗೆಟಿವ್ ಹಾಳು. ಅವನು ಪಾಪ, ಇನ್ನೂ ಬ್ಲೇಡು ಹಿಡಿದೇ ನಿಂತಿದ್ದ. ಅವನನ್ನು ಬೈಯಲೋ, ನೀಟಾಗಿ ಎಂದ ನನ್ನನ್ನೇ ಬೈದುಕೊಳ್ಳಲೋ ತಿಳಿಯದೆ ಮೈಯೆಲ್ಲ ಉರಿಯಿತು.

ತಿಪ್ಪಮ್ಮ ನನ್ನ ಕೈಯಿಂದ ಫೋಟೋ ತೆಗೆದುಕೊಂಡು ಬಾಗಿಲಿಗೆ ಹೋದರು. ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಅದನ್ನು ಒರೆಸಿ, ಟಚಿಂಗಿನವನ ಮುಂದೆ ಮೆಲ್ಲಗೆ ಇಟ್ಟರು.

"ಇದು ನೀನೇ ಇಟ್ಕಳಪ್ಪ. ಇಂಥಾದ್ದು ನನಗೆ ದಿನಾ ರಾತ್ರಿ ಕಾಣ್ತೈತೆ."